ಮೆದುಳಿನ ಸರ್ಜನ್ ರಾಜಕಾರಣಿಯಾದರೆ ಅವರ ಮಾತನ್ನು ಎಲ್ಲಿಯವರೆಗೆ ನಂಬಬೇಕು?

ಪ್ರಶ್ನೆ: ಡಾಕ್ಟರೇ, ನಾವು ಹದಿನೈದು ವರ್ಷಗಳಿಂದ ಅಮೆರಿಕದಲ್ಲಿದ್ದೇವೆ. ನನ್ನ ಮಗ ಐದನೆಯ ತರಗತಿಯಲ್ಲಿದ್ದಾಗ ಶಾಲೆಯ ಗ್ರಂಥಾಲಯದಿಂದ ಹೆಸರಾಂತ ಮಕ್ಕಳ ಮೆದುಳಿನ ಸರ್ಜನ್ ಡಾ. ಬೆನ್ ಕಾರ್ಸನ್ ಅವರ ಜೀವನಕಥೆಯನ್ನು ತಂದು ಓದಿದ. ಅಂದಿನಿಂದ ತಾನೂ ಮೆದುಳಿನ ಸರ್ಜನ್ ಆಗುತ್ತೇನೆ ಎನ್ನುತ್ತಿದ್ದಾನೆ. ಈಗ ಅವನಿಗೆ ಹದಿನಾರು. ಅವರು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಕಾಲದ ವಿಡಿಯೊಗಳನ್ನು ಎಲ್ಲಿಂದಲೋ ಹುಡುಕಿ ನೋಡಿದ್ದಾನೆ. ಪಿರಮಿಡ್ಡುಗಳು ಧಾನ್ಯದ ಕಣಜಗಳು ಎಂದದ್ದು, ಲಸಿಕೆಗಳ ಬಗ್ಗೆ ಆಡಿದ ಮಾತು, ವಸತಿ ಇಲಾಖೆಯ ಮಂತ್ರಿಯಾದ ಮೇಲೆ ಕಚೇರಿಯ ಊಟದ ಮೇಜಿನ ಗಲಾಟೆ, ಎಲ್ಲವೂ ಅವನಿಗೆ ಗೊತ್ತಾಗಿದೆ. ‘ಅಮ್ಮಾ, ಇವರು ಆ ಆಪರೇಷನ್‌ಗಳನ್ನು ಮಾಡಿದ್ದಾದರೂ ನಿಜವೇ?’ ಎಂದು ಕೇಳುತ್ತಾನೆ. ನಮ್ಮ ಯಜಮಾನರದು ಇದಕ್ಕೆ ತದ್ವಿರುದ್ಧ ವಾದ: ‘ಮಗುವಿನ ತಲೆ ತೆರೆದು ಬದುಕಿಸಿದವರಿಗೆ ಒಂದು ಇಲಾಖೆ ನಡೆಸುವುದು ಯಾವ ಮಹಾ ಕೆಲಸ? ಪತ್ರಿಕೆಯವರು ಬೇಕೆಂದೇ ಕೀಳು ಮಾಡುತ್ತಾರೆ.’ ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಆ ಪುಸ್ತಕವನ್ನು ಮನೆಯಿಂದ ತೆಗೆದುಬಿಡಲೇ? ವೈದ್ಯರು ಚುನಾವಣೆಗೆ ನಿಂತಾಗ ಮತ ಹಾಕುವ ನಾವು ಏನನ್ನು ನೋಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅನುಮಾನಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವರ ಶಸ್ತ್ರಚಿಕಿತ್ಸೆಯ ಸಾಧನೆ ನಿಜವೇ ಎಂಬುದು ಮಗನ ಅನುಮಾನ. ಅದು ನಿಜವಾದರೆ ಉಳಿದ ಮಾತುಗಳನ್ನೂ ಏಕೆ ನಂಬಬಾರದು ಎಂಬುದು ಯಜಮಾನರ ವಾದದೊಳಗೆ ಅಡಗಿರುವ ಪ್ರಶ್ನೆ. ಮೂವತ್ತು ವರ್ಷ ನರಶಸ್ತ್ರಚಿಕಿತ್ಸೆ ಮಾಡಿ ನಿವೃತ್ತನಾದ ನನಗೆ ಈ ಎರಡನೆಯದು ಹೆಚ್ಚು ಪರಿಚಿತ. ಮದುವೆ ಮನೆಯಲ್ಲಿ ಷೇರು ಮಾರುಕಟ್ಟೆಯಿಂದ ಹಿಡಿದು ವಿದೇಶಾಂಗ ನೀತಿಯವರೆಗೆ ನನ್ನ ಅಭಿಪ್ರಾಯ ಕೇಳಿದವರು ಎಷ್ಟೋ ಮಂದಿ. ಕೇಳಿದಾಗಲೆಲ್ಲ ನಾನು ಗಂಭೀರವಾಗಿಯೇ ಉತ್ತರ ಕೊಟ್ಟಿದ್ದೇನೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮೊದಲು ಮಗನ ಪ್ರಶ್ನೆಗೆ. ಆಪರೇಷನ್‌ಗಳು ನಿಜ, ಅದರಲ್ಲಿ ಅನುಮಾನವೇ ಬೇಡ. ಕಾರ್ಸನ್ 1984ರಲ್ಲಿ, 33ನೆಯ ವಯಸ್ಸಿಗೆ, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ನರಶಸ್ತ್ರಚಿಕಿತ್ಸಾ ವಿಭಾಗದ ನಿರ್ದೇಶಕರಾದರು. ಯಾವ ಔಷಧಕ್ಕೂ ಬಗ್ಗದ ಮೂರ್ಛೆರೋಗದಿಂದ ದಿನಕ್ಕೆ ಹತ್ತಾರು ಸಲ ಫಿಟ್ಸ್ ಬರುವ ಮಕ್ಕಳಲ್ಲಿ ಮೆದುಳಿನ ರೋಗಗ್ರಸ್ತ ಅರ್ಧವನ್ನೇ ತೆಗೆದುಹಾಕುವ ಒಂದು ಶಸ್ತ್ರಚಿಕಿತ್ಸೆಯಿದೆ. 1920ರ ದಶಕದಲ್ಲಿ ಅದೇ ಆಸ್ಪತ್ರೆಯ ವಾಲ್ಟರ್ ಡ್ಯಾಂಡಿ ಅದನ್ನು ಮೆದುಳಿನ ಗೆಡ್ಡೆಗಾಗಿ ಮಾಡಿದ್ದರು. ಮುಂದೆ ಮೂರ್ಛೆರೋಗಕ್ಕೂ ಅದು ಬಳಕೆಗೆ ಬಂತು. ಆದರೆ ಮೆದುಳು ತೆಗೆದ ಖಾಲಿ ಜಾಗದಲ್ಲಿ ವರ್ಷಗಳ ನಂತರ ನಿಧಾನವಾಗಿ ರಕ್ತ ಜಿನುಗಿ ಸಾವುಗಳಾಗುತ್ತಿದ್ದುದು ಕಂಡುಬಂದ ಮೇಲೆ ಸರ್ಜನ್‌ಗಳು ಅದರಿಂದ ಹಿಂದೆ ಸರಿದಿದ್ದರು. 1980ರ ದಶಕದ ಮಧ್ಯದಲ್ಲಿ ಅದನ್ನು ಮತ್ತೆ ಬಳಕೆಗೆ ತಂದವರಲ್ಲಿ ಕಾರ್ಸನ್ ಪ್ರಮುಖರು. ನಮ್ಮ ಪೀಳಿಗೆಯ ಸರ್ಜನ್‌ಗಳು ಅದನ್ನು ಕಲಿಯುವ ಧೈರ್ಯ ಮಾಡಿದ್ದರಲ್ಲಿ ಅವರ ಪಾಲೂ ಇದೆ.

1987ರಲ್ಲಿ ಜರ್ಮನಿಯಿಂದ ಬಂದ, ತಲೆಯ ಹಿಂಭಾಗದಲ್ಲಿ ಅಂಟಿಕೊಂಡಿದ್ದ ಏಳು ತಿಂಗಳ ಅವಳಿಗಳನ್ನು ಬೇರ್ಪಡಿಸಿದ ತಂಡದ ಮುಂದಾಳುಗಳಲ್ಲಿ ಅವರೂ ಒಬ್ಬರು. 70 ಮಂದಿಯ ತಂಡ, 22 ಗಂಟೆಗಳ ಕೆಲಸ. ಮಕ್ಕಳ ದೇಹವನ್ನು ತಂಪುಗೊಳಿಸಿ, ಹೃದಯ ನಿಲ್ಲಿಸಿ, ಆ ನಿಗದಿತ ಅವಧಿಯೊಳಗೆ ರಕ್ತನಾಳಗಳನ್ನು ಬೇರೆ ಮಾಡಬೇಕಿತ್ತು. ಅವರನ್ನು ಲೋಕಪ್ರಸಿದ್ಧರನ್ನಾಗಿಸಿದ್ದು ಇದೇ. ಆದರೆ ಪ್ರಸಿದ್ಧಿಯ ಕಥೆ ಇಲ್ಲಿಗೆ ನಿಲ್ಲುತ್ತದೆ, ಮಕ್ಕಳ ಕಥೆ ನಿಲ್ಲುವುದಿಲ್ಲ. ಇಬ್ಬರೂ ಬದುಕಿ ಉಳಿದರು, ಆದರೆ ಇಬ್ಬರಿಗೂ ಮೆದುಳಿಗೆ ತೀವ್ರ ಹಾನಿಯಾಗಿತ್ತು. 1997ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜಾಂಬಿಯಾದ ಅವಳಿಗಳಿಗೆ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಇಬ್ಬರೂ ಚೆನ್ನಾಗಿ ಉಳಿದರು. 2003ರಲ್ಲಿ ಸಿಂಗಪುರದಲ್ಲಿ 29 ವರ್ಷದ ಇರಾನಿನ ಸೋದರಿಯರನ್ನು ಬೇರ್ಪಡಿಸಲು ಹೊರಟ ತಂಡದಲ್ಲಿಯೂ ಕಾರ್ಸನ್ ಇದ್ದರು. ಆ ಇಬ್ಬರೂ ತೀರಿಕೊಂಡರು. ಅವರನ್ನು ಸಣ್ಣವರನ್ನಾಗಿ ತೋರಿಸಲು ಇದನ್ನು ಹೇಳುತ್ತಿಲ್ಲ. ಅಂಥ ಕೇಸುಗಳನ್ನು ಮುಟ್ಟಿದ ಯಾವ ಸರ್ಜನ್‌ನ ದಾಖಲೆಯೂ ಹೀಗೆಯೇ ಇರುತ್ತದೆ. ಆದರೆ ಮಗ ಓದಿದ್ದು ಗೆದ್ದ ಕೈಯ ಕಥೆಯನ್ನು ಮಾತ್ರ. ಅವನಿಗೆ ಈಗ ಆಗಿರುವ ಆಘಾತಕ್ಕೆ ರಾಜಕೀಯದಷ್ಟೇ ಆ ಅರ್ಧ ಕಥೆಯೂ ಕಾರಣ ಎಂದು ನನಗನ್ನಿಸುತ್ತದೆ.

ಇನ್ನು ಅನುಮಾನಕ್ಕೆ ಕಾರಣವಾದ ಮಾತುಗಳು. ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ತಪ್ಪು.

ಪಿರಮಿಡ್ಡಿನ ಮಾತನ್ನು ಅವರು 1998ರ ಒಂದು ಘಟಿಕೋತ್ಸವ ಭಾಷಣದಲ್ಲಿ ಆಡಿದ್ದರು. 2015ರಲ್ಲಿ ಆ ಭಾಷಣ ಹೊರಬಂದಾಗ ತಮ್ಮ ನಂಬಿಕೆ ಇಂದಿಗೂ ಅದೇ ಎಂದರು. ಬೈಬಲ್ಲಿನ ಜೋಸೆಫ್ ಬರಗಾಲಕ್ಕಾಗಿ ಧಾನ್ಯ ಕೂಡಿಟ್ಟ ಕಥೆ ಅದರ ಮೂಲ. ಪಿರಮಿಡ್ಡಿನ ಒಳಗೆ ಕಿರಿದಾದ ದಾರಿಗಳೂ ಕೆಲವು ಕೋಣೆಗಳೂ ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ ಕಲ್ಲು; ಅದನ್ನು ಕಣಜ ಎನ್ನಲು ಪುರಾತತ್ತ್ವದ ಆಧಾರವಿಲ್ಲ. ಆದರೂ ನನ್ನ ದೃಷ್ಟಿಯಲ್ಲಿ ಇದು ಅವರ ತಪ್ಪುಗಳಲ್ಲಿ ಅತ್ಯಂತ ನಿರುಪದ್ರವಿ. ಅವರು ಈಜಿಪ್ಟಿನ ಇತಿಹಾಸ ತಜ್ಞರು ಎಂದು ಯಾರೂ ಭಾವಿಸಿರಲಿಲ್ಲ, ಆದ್ದರಿಂದ ಆ ಮಾತಿನಿಂದ ಯಾರೂ ದಾರಿ ತಪ್ಪಲಿಲ್ಲ. ಜನ ನಕ್ಕರು, ಅಷ್ಟೇ.

ಲಸಿಕೆಯ ಮಾತು ಹಾಗಲ್ಲ. 2015ರ ಸೆಪ್ಟೆಂಬರಿನಲ್ಲಿ ನಡೆದ ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳ ಚರ್ಚೆಯಲ್ಲಿ, ಲಸಿಕೆಗಳಿಗೂ ಆಟಿಸಂಗೂ ಸಂಬಂಧವಿಲ್ಲವೆಂಬುದಕ್ಕೆ ಗಟ್ಟಿ ದಾಖಲೆಗಳಿವೆ ಎಂದು ಅವರು ಹೇಳಿದರು. ಅದು ಸರಿ, ವೇದಿಕೆಯಲ್ಲಿ ಅದನ್ನು ಹೇಳಲು ಧೈರ್ಯವೂ ಬೇಕಿತ್ತು. ಆದರೆ ಅದೇ ಉಸಿರಿನಲ್ಲಿ, ಮಕ್ಕಳಿಗೆ ತೀರ ಕಡಿಮೆ ಅವಧಿಯಲ್ಲಿ ತೀರ ಹೆಚ್ಚು ಲಸಿಕೆ ಕೊಡುತ್ತಿದ್ದೇವೆ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಚುಚ್ಚುಮದ್ದುಗಳ ಸಂಖ್ಯೆ ಹೆಚ್ಚಾಗಿರುವುದು ನಿಜ. ಆದರೆ ಮಗುವಿನ ರೋಗನಿರೋಧಕ ವ್ಯವಸ್ಥೆ ಎದುರಿಸಬೇಕಾದ ಪ್ರತಿಜನಕಗಳ (ದೇಹ ಪರಕೀಯವೆಂದು ಗುರುತಿಸಿ ಪ್ರತಿಕ್ರಿಯಿಸುವ ಅಂಶಗಳ) ಸಂಖ್ಯೆ ವಾಸ್ತವವಾಗಿ ಬಹಳ ಇಳಿದಿದೆ. 1980ರ ದಶಕದ ಪಟ್ಟಿಯಲ್ಲಿ ಅವು ಮೂರು ಸಾವಿರ ದಾಟುತ್ತಿದ್ದವು, ಅದರಲ್ಲಿ ಬಹುಪಾಲು ಆಗಿನ ನಾಯಿಕೆಮ್ಮಿನ ಲಸಿಕೆಯೊಂದರದೇ. ಈಗ ಒಟ್ಟು ಸೇರಿಸಿದರೂ ಕೆಲವು ನೂರು. ಮಕ್ಕಳ ಮೆದುಳಿನ ಸರ್ಜನ್ ಹೇಳಿದ್ದರಿಂದ ಆ ಅರ್ಧ ವಾಕ್ಯಕ್ಕೆ ಒಂದು ತೂಕ ಬಂತು. ತಜ್ಞನ ತಪ್ಪು ಅವನ ಕ್ಷೇತ್ರಕ್ಕೆ ಹತ್ತಿರವಾದಷ್ಟೂ ಅಪಾಯ ಹೆಚ್ಚು, ಏಕೆಂದರೆ ಕೇಳುವವರಿಗೆ ಗಡಿ ಎಲ್ಲಿ ದಾಟಿತು ಎಂಬುದು ಕಾಣುವುದಿಲ್ಲ. ಅವರ ಹೆಸರು ತಿಳಿದ ತಾಯಿಯೊಬ್ಬಳು ಆ ಮಾತು ಕೇಳಿ ಮಗುವಿನ ಮುಂದಿನ ಲಸಿಕೆಯನ್ನು ಆರು ತಿಂಗಳು ಮುಂದೂಡಿದರೆ, ಆ ಆರು ತಿಂಗಳು ಮಗುವಿಗೆ ರಕ್ಷಣೆ ಇರುವುದಿಲ್ಲ.

ಇದೇ ಬಗೆಯ ಇನ್ನೊಂದು ಪ್ರಸಂಗ 2020ರ ನವೆಂಬರಿನದು. ಕೋವಿಡ್ ತಗುಲಿದಾಗ ಓಲಿಯಾಂಡ್ರಿನ್ ಎಂಬ ವಸ್ತುವನ್ನು ತೆಗೆದುಕೊಂಡೆ, ಲಕ್ಷಣಗಳು ಇಳಿದವು ಎಂದು ಅವರು ತಿಳಿಸಿದರು. ಆಮೇಲೆ ಕಾಯಿಲೆ ತೀವ್ರವಾಗಿ ಉಲ್ಬಣಿಸಿತು, ಪ್ರತಿಕಾಯ (ಆಂಟಿಬಾಡಿ) ಚಿಕಿತ್ಸೆ ತಮ್ಮನ್ನು ಉಳಿಸಿತು ಎಂದೂ ಅವರೇ ಹೇಳಿದರು. ಓಲಿಯಾಂಡ್ರಿನ್ ಸಿಗುವುದು ನಮ್ಮ ಕಣಗಿಲೆ ಗಿಡದಲ್ಲಿ. ಕಣಗಿಲೆ ತಿಂದರೆ ಹೃದಯದ ಬಡಿತವೇ ತಪ್ಪಿ ಸಾಯಬಹುದು ಎಂಬುದು ಹಿತ್ತಿಲಲ್ಲಿ ಆ ಗಿಡ ನೆಟ್ಟ ಯಾವ ಅಜ್ಜಿಗೂ ಗೊತ್ತಿತ್ತು. ಒಬ್ಬ ರೋಗಿ, ಒಂದು ಮದ್ದು, ಒಂದಿಷ್ಟು ಸುಧಾರಣೆ: ಇಷ್ಟರಿಂದ ಮದ್ದು ಕೆಲಸ ಮಾಡಿತು ಎನ್ನುವಂತಿಲ್ಲ ಎಂಬುದನ್ನು ನಾವು ಕಿರಿಯ ವೈದ್ಯರಿಗೆ ಮೊದಲ ವರ್ಷವೇ ಕಲಿಸುತ್ತೇವೆ. ಆ ರೋಗಿ ನಾವೇ ಆದಾಗ ಅದನ್ನು ಮರೆಯುವುದು ಬಹಳ ಸುಲಭ.

ಹಾಗೆಂದು ಅವರ ವಿರುದ್ಧ ಬಂದದ್ದೆಲ್ಲವೂ ನಿಜವಲ್ಲ. ಯಜಮಾನರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ತಮಗೆ ಪೂರ್ಣ ವಿದ್ಯಾರ್ಥಿವೇತನ ನೀಡಲು ಮುಂದಾಗಿತ್ತು ಎಂದು ಅವರು ಬರೆದುಕೊಂಡಿದ್ದರು. ಅಲ್ಲಿ ಎಲ್ಲರಿಗೂ ಶಿಕ್ಷಣ ಉಚಿತ, ವಿದ್ಯಾರ್ಥಿವೇತನವೆಂಬುದೇ ಇಲ್ಲ, ಅವರು ಅರ್ಜಿಯನ್ನೂ ಹಾಕಿರಲಿಲ್ಲ. ಮಾತು ಸಡಿಲವಾಗಿತ್ತು ಎನ್ನಬಹುದು. ಆದರೆ ಅವರು ಕಟ್ಟುಕಥೆ ಹೇಳಿದ್ದನ್ನು ಒಪ್ಪಿಕೊಂಡರು ಎಂಬ ಅರ್ಥದಲ್ಲಿ ಮೊದಲು ಪ್ರಕಟವಾದ ವರದಿಯ ತಲೆಬರಹವನ್ನು ಆಮೇಲೆ ಬದಲಿಸಬೇಕಾಯಿತು, ಏಕೆಂದರೆ ಅವರು ಹಾಗೆ ಒಪ್ಪಿಕೊಂಡಿರಲಿಲ್ಲ. ಊಟದ ಮೇಜಿನದೂ ಹೀಗೆಯೇ. ಸುಮಾರು 31,000 ಡಾಲರಿನ ಮೇಜು–ಕುರ್ಚಿಗಳಿಗೆ ಆದೇಶ ಹೋಗಿತ್ತು, ಗದ್ದಲವಾದ ಮೇಲೆ ಅದನ್ನು ರದ್ದು ಮಾಡಲಾಯಿತು. ಮಂತ್ರಿಯ ಕಚೇರಿಯ ಸಜ್ಜಿಕೆಯ ಖರ್ಚು 5,000 ಡಾಲರ್ ಮೀರಿದರೆ ಸಂಸತ್ತಿಗೆ ಮೊದಲೇ ತಿಳಿಸಬೇಕೆಂಬ ನಿಯಮವನ್ನು ಇಲಾಖೆ ಮುರಿದಿದೆ ಎಂದು ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಸರ್ಕಾರಿ ಉತ್ತರದಾಯಿತ್ವ ಕಚೇರಿ 2019ರಲ್ಲಿ ಹೇಳಿತು. ಅದೇ ವರ್ಷ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ (ಇಲಾಖೆಯೊಳಗಿನ ಅಕ್ರಮಗಳನ್ನು ಪರಿಶೀಲಿಸುವ ಅಧಿಕಾರಿ) ತನಿಖೆ ಮಾಡಿ, ಕಾರ್ಸನ್ ದುರ್ವರ್ತನೆ ಎಸಗಿದರೆಂಬುದಕ್ಕೆ ಪುರಾವೆ ಸಿಗಲಿಲ್ಲ ಎಂದರು. ಇಲಾಖೆ ನಿಯಮ ಮುರಿದದ್ದು ನಿಜ, ಮಂತ್ರಿ ಹಣ ಹೊಡೆದರು ಎಂಬುದು ಸುಳ್ಳು. ಮಗನಿಗೆ ಈ ಎರಡು ವಾಕ್ಯಗಳನ್ನು ಒಟ್ಟಿಗೆ ಹೇಳಿ.

ಈಗ ಮೂಲ ಕಾರಣಕ್ಕೆ ಬರುತ್ತೇನೆ. ಅಷ್ಟು ಜಾಣರಾದವರು ಹೀಗೇಕೆ ಮಾತನಾಡುತ್ತಾರೆ ಎಂಬ ಪ್ರಶ್ನೆಯಲ್ಲಿಯೇ ಒಂದು ತಪ್ಪು ಊಹೆ ಇದೆ. ಮೆದುಳನ್ನು ಮುಟ್ಟುವವನಿಗೆ ಮೆದುಳು ಹೆಚ್ಚು ಎಂಬ ಊಹೆ ಅದು. ನಮಗೆ ಇರುವುದು ಬಹಳ ಕಿರಿದಾದ, ಬಹಳ ಆಳವಾದ ತರಬೇತಿ. ಆ ತರಬೇತಿ ನಮ್ಮಲ್ಲಿ ಬೆಳೆಸುವ ಮುಖ್ಯ ಗುಣ ಆತ್ಮವಿಶ್ವಾಸ. ಓಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ರಕ್ತನಾಳವೊಂದು ಒಡೆದಾಗ ಹತ್ತು ಸೆಕೆಂಡಿನಲ್ಲಿ ನಿರ್ಧರಿಸಬೇಕು. ಅಳುಕುವವರು ಈ ಕೆಲಸದಲ್ಲಿ ಉಳಿಯುವುದಿಲ್ಲ.

ಆದರೆ ಆ ಆತ್ಮವಿಶ್ವಾಸ ಒಂಟಿಯಾಗಿರುವುದಿಲ್ಲ, ಅದರ ಬೆನ್ನ ಹಿಂದೆ ಕಾವಲುಗಾರರಿದ್ದಾರೆ. ಕೈ ತಪ್ಪಿದರೆ ಅರಿವಳಿಕೆ ತಜ್ಞರ ಪರದೆಯಲ್ಲಿ ಆ ಕ್ಷಣವೇ ಗೊತ್ತಾಗುತ್ತದೆ. ರೋಗಿ ಎಚ್ಚರಗೊಂಡು ಕೈ ಎತ್ತದಿದ್ದರೆ ಆ ಸಂಜೆಯೇ ಗೊತ್ತಾಗುತ್ತದೆ. ಸ್ಕ್ಯಾನ್ ಮರುದಿನ ಸಾಕ್ಷಿ ಹೇಳುತ್ತದೆ. ಇದೆಲ್ಲದರ ಮೇಲೆ ಎಂ ಅಂಡ್ ಎಂ ಸಭೆ. ಆದ ಸಾವುಗಳನ್ನೂ ತೊಡಕುಗಳನ್ನೂ ಸಹೋದ್ಯೋಗಿಗಳ ಮುಂದೆ ನಿಂತು ವಿವರಿಸಬೇಕಾದ ಸಭೆ ಅದು. ನನ್ನ ವೃತ್ತಿಜೀವನದಲ್ಲಿ ನಾನು ಕಲಿತದ್ದರಲ್ಲಿ ಅರ್ಧದಷ್ಟು, ಆ ಸಭೆಯಲ್ಲಿ ಕಿವಿ ಬಿಸಿಯಾಗಿ ನಿಂತಾಗ ಕಲಿತದ್ದು. ರಾಜಕೀಯಕ್ಕೆ ಹೋಗುವ ಸರ್ಜನ್ ಆತ್ಮವಿಶ್ವಾಸವನ್ನು ಜೊತೆಗೆ ಒಯ್ಯುತ್ತಾನೆ, ಈ ಕಾವಲುಗಾರರನ್ನು ಓಟಿಯಲ್ಲಿಯೇ ಬಿಟ್ಟು ಹೋಗುತ್ತಾನೆ. ಬಾಡಿಗೆ ನೀತಿಯೊಂದು ತಪ್ಪಾಗಿದ್ದರೆ ಅದು ಗೊತ್ತಾಗಲು ಐದು ವರ್ಷ ಬೇಕು. ಅಷ್ಟರಲ್ಲಿ ತಪ್ಪು ಯಾರದ್ದು ಎಂಬುದೇ ವಿವಾದವಾಗಿರುತ್ತದೆ.

ನನ್ನದೇ ಒಂದು ಅನುಭವ. ಹಲವು ವರ್ಷ ಸರ್ಜನ್ ಆಗಿದ್ದ ಮೇಲೆ ಆಸ್ಪತ್ರೆಯ ಎಲ್ಲ ಓಟಿಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಮೊದಲ ಆಪರೇಷನ್ ಎಂಟೂವರೆಗೆ ಆರಂಭವಾಗುವುದು ಸೋಮಾರಿತನ ಎಂದುಕೊಂಡು, ನಾಳೆಯಿಂದ ಏಳೂವರೆ ಎಂದು ಆದೇಶ ಹೊರಡಿಸಿದೆ. ಯಾರನ್ನೂ ಕೇಳಲಿಲ್ಲ. ಉಪಕರಣಗಳನ್ನು ಶುದ್ಧಿ ಮಾಡುವ ವಿಭಾಗದ ರಾತ್ರಿ ಪಾಳಿ ಮುಗಿಯುತ್ತಿದ್ದುದು ಎಂಟಕ್ಕೆ, ವಾರ್ಡಿನ ನರ್ಸ್‌ಗಳು ರೋಗಿಗಳನ್ನು ಒಪ್ಪಿಸುವ ಹೊತ್ತೂ ಅದೇ. ಎರಡು ತಿಂಗಳ ಕಾಲ ರೋಗಿಗಳು ಟ್ರಾಲಿಯ ಮೇಲೆ ಮಲಗಿ ಕಾದರು, ದಿನದ ಆಪರೇಷನ್‌ಗಳ ಸಂಖ್ಯೆ ಏರುವ ಬದಲು ಇಳಿಯಿತು. ಹಿರಿಯ ನರ್ಸ್ ಒಬ್ಬರು ಕೊನೆಗೆ ಹೇಳುವವರೆಗೆ ನನಗೆ ಅದು ಗೊತ್ತೇ ಆಗಲಿಲ್ಲ, ಏಕೆಂದರೆ ಸರ್ಜನ್‌ಗೆ ಎದುರು ಮಾತನಾಡುವ ರೂಢಿ ಅಲ್ಲಿ ಇರಲಿಲ್ಲ. ಒಂದು ಆಸ್ಪತ್ರೆಯ ಬೆಳಗಿನ ಒಂದು ಗಂಟೆಯನ್ನು ಹಿಂದೆ ಮುಂದೆ ಮಾಡುವುದರಲ್ಲಿ ನಾನು ಇಷ್ಟು ಎಡವಿದೆ. ಕಾರ್ಸನ್ ವಹಿಸಿಕೊಂಡ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯಲ್ಲಿ ಆಗ ಸುಮಾರು 8,000 ನೌಕರರಿದ್ದರು.

ಅವರಿಗೆ ಇದರ ಅರಿವಿರಲಿಲ್ಲ ಎನ್ನುವಂತಿಲ್ಲ. 2016ರ ನವೆಂಬರಿನಲ್ಲಿ ಅವರ ಆಪ್ತ ಸಲಹೆಗಾರರೇ, ಕಾರ್ಸನ್ ಅವರಿಗೆ ಸರ್ಕಾರದ ಅನುಭವವಿಲ್ಲ, ಕೇಂದ್ರ ಇಲಾಖೆಯನ್ನು ಎಂದೂ ನಡೆಸಿಲ್ಲ ಎಂಬ ಕಾರಣ ಕೊಟ್ಟು ಅವರು ಮಂತ್ರಿಯಾಗಲು ಇಷ್ಟಪಡುತ್ತಿಲ್ಲ ಎಂದಿದ್ದರು. ಕೆಲವೇ ವಾರಗಳಲ್ಲಿ ಅವರು ಹುದ್ದೆ ಒಪ್ಪಿಕೊಂಡರು, 2017ರ ಮಾರ್ಚ್‌ನಲ್ಲಿ ಸೆನೆಟ್ 58–41 ಮತಗಳಿಂದ ಅನುಮೋದಿಸಿತು. ಎರಡು ವರ್ಷ ಕಳೆದ ಮೇಲೆ, 2019ರ ಮೇ ತಿಂಗಳ ವಿಚಾರಣೆಯಲ್ಲಿ, ಸಾಲ ತೀರದೆ ವಶಕ್ಕೆ ಬಂದ ಮನೆಗಳಿಗೆ ಆ ಕ್ಷೇತ್ರದಲ್ಲಿ ಬಳಸುವ ‘ಆರ್‌ಇಒ’ ಎಂಬ ಸಂಕ್ಷಿಪ್ತ ಪದವನ್ನು ಅವರು ಓರಿಯೋ ಬಿಸ್ಕತ್ತು ಎಂದು ಕೇಳಿಸಿಕೊಂಡರು. ಜನ ನಕ್ಕದ್ದು ಬಿಸ್ಕತ್ತಿಗೆ. ಕಿವಿ ತಪ್ಪು ಕೇಳುವುದು ದೊಡ್ಡದಲ್ಲ. ಎರಡು ವರ್ಷ ಆ ಕುರ್ಚಿಯಲ್ಲಿ ಕುಳಿತವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗಿ ಬಂತು ಎಂಬುದು ನನ್ನನ್ನು ಕಾಡಿದ ಸಂಗತಿ. ನಮ್ಮ ವಿಭಾಗಕ್ಕೆ ಬಂದ ಕಿರಿಯ ವೈದ್ಯ ಎರಡನೆಯ ವರ್ಷದಲ್ಲೂ ‘ಐಸಿಪಿ’ (ತಲೆಬುರುಡೆಯೊಳಗಿನ ಒತ್ತಡ) ಎಂದರೇನು ಎಂದು ಕೇಳಿದ್ದರೆ ನಾನು ಏನು ಅಂದುಕೊಳ್ಳುತ್ತಿದ್ದೆನೋ ಅದನ್ನೇ ಅಂದುಕೊಂಡೆ.

ಎರಡನೆಯ ಕಾರಣ ಅವರ ಬದುಕೇ. ಡೆಟ್ರಾಯ್ಟ್‌ನ ಬಡ ಮನೆ. ಮೂರನೆಯ ತರಗತಿಗೆ ಓದು ನಿಲ್ಲಿಸಿ ಮನೆಗೆಲಸಕ್ಕೆ ಹೋಗುತ್ತಿದ್ದ ತಾಯಿ. ಆ ತಾಯಿ ವಾರಕ್ಕೆ ಎರಡು ಪುಸ್ತಕ ಓದಿಸಿ ವರದಿ ಬರೆಸುತ್ತಿದ್ದರು. ಇಲ್ಲಿಂದ ಹೊರಟು ಯೇಲ್ ವಿಶ್ವವಿದ್ಯಾಲಯ ತಲುಪಿದವರಿಗೆ, ಮನಸ್ಸು ಮಾಡಿದರೆ ಬಡತನದಿಂದ ಏಳಬಹುದು ಎನ್ನಿಸುವುದು ಸಹಜ. 2017ರಲ್ಲಿ ಅವರು ಬಡತನ ಬಹುಮಟ್ಟಿಗೆ ಒಂದು ಮನಃಸ್ಥಿತಿಯೂ ಹೌದು ಎಂಬಂತೆ ಮಾತನಾಡಿದರು. 2018ರಲ್ಲಿ ಅವರ ಇಲಾಖೆ, ಸರ್ಕಾರಿ ನೆರವಿನ ಮನೆಗಳಲ್ಲಿರುವವರ ಬಾಡಿಗೆಯನ್ನು ಆದಾಯದ ಶೇ. 30ರಿಂದ 35ಕ್ಕೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ಅದು ಕಾನೂನಾಗಲಿಲ್ಲ. ಸರ್ಜನ್ ನೋಡುವುದು ಮೇಜಿನ ಮೇಲೆ ಮಲಗಿರುವ ಒಬ್ಬನನ್ನು. ನೀತಿ ಮಾಡುವವನು ಲೆಕ್ಕಕ್ಕೆ ಸಿಗದ ಉಳಿದವರನ್ನೂ ನೋಡಬೇಕು. ಅದೇ ಬೀದಿಯ, ಅಷ್ಟೇ ಬುದ್ಧಿಯ, ಅಷ್ಟೇ ಗಟ್ಟಿ ತಾಯಿಯ ಎಷ್ಟು ಮಕ್ಕಳು ಮೇಲೆ ಬರಲಿಲ್ಲ ಎಂಬ ಸಂಖ್ಯೆ ಅವರ ಜೀವನಕಥೆಯಲ್ಲಿ ಇರಲು ಸಾಧ್ಯವಿಲ್ಲ.

ಇದು ಕಾರ್ಸನ್ ಒಬ್ಬರ ಸಮಸ್ಯೆಯಲ್ಲ. ಹೃದಯ ಕಸಿ ಸರ್ಜನ್ ಬಿಲ್ ಫ್ರಿಸ್ಟ್ ಸೆನೆಟಿನ ಬಹುಮತದ ನಾಯಕರಾಗಿದ್ದಾಗ, 2005ರಲ್ಲಿ, ವರ್ಷಗಳಿಂದ ಪ್ರಜ್ಞೆಯಿಲ್ಲದೆ ಮಲಗಿದ್ದ ಫ್ಲಾರಿಡಾದ ಮಹಿಳೆಯೊಬ್ಬರ ವಿಡಿಯೊ ನೋಡಿ ಅವರ ರೋಗನಿರ್ಣಯವನ್ನೇ ಪ್ರಶ್ನಿಸಿದರು. ಮರಣೋತ್ತರ ಪರೀಕ್ಷೆಯಲ್ಲಿ ಮೆದುಳಿನ ತೂಕ ಸಾಮಾನ್ಯದ ಅರ್ಧದಷ್ಟು ಮಾತ್ರ ಇತ್ತು. ರೋಗಿಯನ್ನು ಮುಟ್ಟದೆ ನಿರ್ಣಯ ಹೇಳಬಾರದೆಂಬುದು ಅವರಿಗೆ ಓಟಿಯಲ್ಲಿ ಖಂಡಿತ ಗೊತ್ತಿತ್ತು. ಆದರೆ ಇದೇ ಫ್ರಿಸ್ಟ್ 2003ರಲ್ಲಿ ಆಫ್ರಿಕಾದ ಏಡ್ಸ್ ಚಿಕಿತ್ಸೆಗೆ ಅಮೆರಿಕ ದೊಡ್ಡ ಮೊತ್ತ ಕೊಡುವ ಕಾರ್ಯಕ್ರಮಕ್ಕೆ ಸೆನೆಟಿನಲ್ಲಿ ಗಟ್ಟಿ ಬೆಂಬಲ ಕಟ್ಟಿದರು. ಆಫ್ರಿಕಾದ ಆಸ್ಪತ್ರೆಗಳಲ್ಲಿ ಸ್ವತಃ ಕೆಲಸ ಮಾಡಿದ್ದರಿಂದ ಅವರ ಮಾತಿಗೆ ಅಲ್ಲಿ ನೆಲೆ ಇತ್ತು. ವೈದ್ಯರು ರಾಜಕೀಯಕ್ಕೆ ಬರಲೇಬಾರದು ಎನ್ನುವವರ ಜೊತೆ ನಾನು ಸೇರದಿರುವುದು ಇಂಥ ಉದಾಹರಣೆಗಳಿಂದ.

ಮತದ ವಿಷಯದಲ್ಲಿ ನಿಮ್ಮ ಮುಂದೆ ಇರುವ ದಾರಿಗಳು ಇವು. ವೃತ್ತಿಯ ಕೀರ್ತಿ ನೋಡಿ ನಂಬಿಬಿಡುವುದು ಸುಲಭ. ಅಪಾಯ ಮೇಲೆ ಹೇಳಿದ್ದೇ. ವೈದ್ಯ ಎಂಬ ಕಾರಣಕ್ಕೇ ದೂರ ಇಡುವುದೂ ಸುಲಭ. ಆಗ ಆಸ್ಪತ್ರೆ, ಔಷಧ, ಸಾಂಕ್ರಾಮಿಕ ರೋಗಗಳ ವಿಷಯದಲ್ಲಿ ಒಳಗಿನಿಂದ ಬಲ್ಲವರ ದನಿಯನ್ನು ಶಾಸನಸಭೆ ಕಳೆದುಕೊಳ್ಳುತ್ತದೆ. ನಾನು ಮಾಡುವುದು ಮೂರನೆಯದು, ಅದಕ್ಕೆ ಹೆಚ್ಚು ಹೊತ್ತು ಬೇಕು: ಅಭ್ಯರ್ಥಿಯ ಹಳೆಯ ವೃತ್ತಿಯ ದಾಖಲೆಯನ್ನು ಪಕ್ಕಕ್ಕಿಟ್ಟು, ಸಾರ್ವಜನಿಕ ಜೀವನಕ್ಕೆ ಬಂದ ಮೇಲೆ ಯಾವ ವಿಷಯದಲ್ಲಿ ಅವರು ತಪ್ಪು ಒಪ್ಪಿಕೊಂಡು ನಿಲುವು ಬದಲಿಸಿದ್ದಾರೆ, ಸುತ್ತ ಯಾರನ್ನು ಇಟ್ಟುಕೊಂಡಿದ್ದಾರೆ, ಅವರಲ್ಲಿ ಎದುರು ಮಾತನಾಡುವವರು ಒಬ್ಬರಾದರೂ ಇದ್ದಾರೆಯೇ ಎಂದು ನೋಡುತ್ತೇನೆ. ಇದರಲ್ಲೂ ಮೋಸ ಹೋಗಬಹುದು, ನಾನೂ ಹೋಗಿದ್ದೇನೆ. ಯಜಮಾನರಿಗೆ ಒಂದು ಪ್ರಶ್ನೆ ಕೇಳಿ ನೋಡಿ: ಇಪ್ಪತ್ತು ವರ್ಷ ವಸತಿ ಇಲಾಖೆ ನಡೆಸಿದ ಸಮರ್ಥ ಅಧಿಕಾರಿಯೊಬ್ಬರು ನಿವೃತ್ತರಾಗಿ ಮಗುವಿನ ತಲೆ ಆಪರೇಷನ್ ಮಾಡುತ್ತೇನೆಂದು ಬಂದರೆ ಒಪ್ಪುತ್ತೀರಾ?

ಪುಸ್ತಕವನ್ನು ತೆಗೆಯಬೇಡಿ. ತೆಗೆದರೆ, ಒಂದು ತಪ್ಪು ಕಂಡರೆ ಮನುಷ್ಯನನ್ನೇ ಅಳಿಸಬೇಕು ಎಂದು ಮಗ ಕಲಿಯುತ್ತಾನೆ. ಏನೂ ಹೇಳದೆ ಬಿಟ್ಟರೆ, ಅವನು ವಿಡಿಯೊಗಳಿಂದಲೇ ತೀರ್ಪು ಕಟ್ಟಿಕೊಳ್ಳುತ್ತಾನೆ. ಹದಿನಾರರ ಹುಡುಗನ ಜೊತೆ ಕುಳಿತು ಆ ಪುಸ್ತಕದಲ್ಲಿ ಇಲ್ಲದ್ದನ್ನು ಮಾತನಾಡಿ. ಅರ್ಧ ಮೆದುಳು ತೆಗೆಸಿಕೊಂಡ ಮಗು ಫಿಟ್ಸ್ ಇಲ್ಲದೆ ನಡೆಯಬಲ್ಲದು, ಮಾತನಾಡಬಲ್ಲದು, ಶಾಲೆಗೆ ಹೋಗಬಲ್ಲದು. ಚಿಕ್ಕ ವಯಸ್ಸಿನಲ್ಲಿ ಉಳಿದರ್ಧ ಮೆದುಳು ಬಹಳಷ್ಟು ಕೆಲಸಗಳನ್ನು ವಹಿಸಿಕೊಳ್ಳುತ್ತದೆ. ಆದರೆ ಎದುರು ಬದಿಯ ಕೈಬೆರಳುಗಳ ನಾಜೂಕು ಮರಳಿ ಬರುವುದಿಲ್ಲ, ಎರಡೂ ಕಣ್ಣುಗಳಿಗೆ ಆ ಬದಿಯ ಅರ್ಧ ನೋಟ ಹೋಗಿರುತ್ತದೆ. ಆಪರೇಷನ್‌ಗೆ ಮೊದಲು ಇದನ್ನು ತಾಯಿತಂದೆಗೆ ಹೇಳುವುದು ಸರ್ಜನ್‌ನ ಕೆಲಸ. ನಿಮ್ಮ ಮಗ ಈ ವೃತ್ತಿಗೆ ಬರುವುದಾದರೆ, ಹದಿನೈದು–ಇಪ್ಪತ್ತು ವರ್ಷಗಳ ಆಚೆ ಅವನು ಒಂದು ಕೋಣೆಯಲ್ಲಿ ಕುಳಿತು ಆ ಮಾತನ್ನು ಹೇಳಬೇಕಾಗುತ್ತದೆ.